ಪಟ್ಟಿಯಲ್ಲಿ ಉಳಿದ ಊರು

ಕೋಗಿಲಿನಲ್ಲಿ ಈಗ ಹೊಲ ಹುಡುಕುವುದು ಕಷ್ಟ, ಹೊಲದ ಯಜಮಾನರ ಹೆಸರು ಹುಡುಕುವುದು ಸುಲಭ. ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸಿನಿಂದ ಒಳಕ್ಕೆ ಬಂದು ಯಾವುದಾದರೂ ಅಪಾರ್ಟ್‌ಮೆಂಟಿನ ಮುಂದೆ ನಿಂತು ಮೊಬೈಲಿನಲ್ಲಿ ‘ದಿಶಾಂಕ್’ ತೆರೆದರೆ ಕಾಲ ಕೆಳಗಿನ ನೆಲದ ಸರ್ವೆ ನಂಬರು ಬರುತ್ತದೆ. ಆ ನಂಬರನ್ನು ‘ಭೂಮಿ’ಗೆ ಕೊಟ್ಟರೆ ಪಹಣಿ ಬರುತ್ತದೆ. ಕೆಲವದರಲ್ಲಿ ಖಾತೆ ಬದಲಾಗಿ ಯಾವುದೋ ಕಂಪನಿಯ ಹೆಸರು ಕೂತಿದೆ. ಇನ್ನು ಕೆಲವದರ 9ನೇ ಕಾಲಮ್ಮಿನಲ್ಲಿ ಇರುವವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ತಿಥಿಯ ಊಟ ಉಂಡವನು ನಾನು.

ಈ ಹೆಸರುಗಳಿಗೆ ಇವತ್ತಿಗೂ ಬೆಲೆಯಿದೆ. ಸರ್ಕಾರ ರೈತರ ಖಾತೆಗೆ ಹಾಕುವ ದುಡ್ಡು, ಪಿಎಂ ಕಿಸಾನ್ ಕಂತಾಗಲಿ, ಬರ ಪರಿಹಾರವಾಗಲಿ, ಡ್ರಿಪ್ಪಿನ ಸಹಾಯಧನವಾಗಲಿ, ಪಹಣಿಯ ಆ ಕಾಲಮ್ಮನ್ನು ಹಿಡಿದೇ ಬರುತ್ತದೆ. ಯಾರಿಗೆ ಬಂತು ಎಂಬುದನ್ನು ಈಗ ಮನೆಯಲ್ಲೇ ಕೂತು ನೋಡಬಹುದು. ನಮ್ಮಪ್ಪನ ಕಾಲದಲ್ಲಿ ಅಂಥ ಪಟ್ಟಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೂ ಯಾರಿಗೆ ಏನು ಸಿಕ್ಕಿತು ಎಂದು ಊರಿಗೆಲ್ಲ ಗೊತ್ತಿತ್ತು. ಬ್ಯಾಂಕಿನ ಕೌಂಟರಿನ ಎರಡೂ ಕಡೆ ನಿಂತವನಾದ್ದರಿಂದ ಹಿಂದಿನದೇ ಚೆನ್ನಾಗಿತ್ತು ಎನ್ನುವ ಗುಂಪಿಗೆ ನಾನು ಸೇರುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಕೋಗಿಲು ಬೆಂಗಳೂರು ಉತ್ತರ ತಾಲ್ಲೂಕು, ಯಲಹಂಕ ಹೋಬಳಿಯ ಒಂದು ಹಳ್ಳಿ. ರಾಗಿ, ಅವರೆ, ಹುರುಳಿ. ಬಾವಿ ಇದ್ದವರಿಗೆ ತರಕಾರಿ. ಸ್ವಲ್ಪ ಕೈ ಆಡುವವರಿಗೆ ದ್ರಾಕ್ಷಿ. ಯಲಹಂಕ ದಾಟಿ ದೇವನಹಳ್ಳಿ ಕಡೆಗೆ ಹೋದಂತೆಲ್ಲ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರಗಳು ಹೆಚ್ಚುತ್ತಿದ್ದವು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಕೂಗಳತೆಯಲ್ಲಿತ್ತು ಅನ್ನಬಹುದು. ಇಂಡಾಫ್ ರಾಗಿಯ ಸುದ್ದಿ ನಮಗೆ ಬೇಗ ಬಂತು, ಬೀಜ ಮಾತ್ರ ತಡವಾಗಿ ಬಂತು.

ತಡವಾದದ್ದೇಕೆಂದರೆ ಬೀಜ ಮೊದಲು ಬೇರೆ ಮನೆಗೆ ಹೋಗುತ್ತಿತ್ತು. ಗ್ರಾಮಸೇವಕರು ಸೈಕಲ್ಲಿನಲ್ಲಿ ಬಂದು ಇಳಿಯುತ್ತಿದ್ದದ್ದು ಊರಿನ ಎರಡು ಮೂರು ದೊಡ್ಡ ಜಗಲಿಗಳಲ್ಲಿ. ಅಲ್ಲೇ ಕಾಫಿ, ಅಲ್ಲೇ ಸಹಿ. ಉಚಿತ ಬೀಜದ ಮಿನಿಕಿಟ್ಟು, ಅರ್ಧ ಬೆಲೆಯ ಔಷಧಿ ಪಂಪು ಆ ಜಗಲಿಯಲ್ಲೇ ಇಳಿದುಹೋಗುತ್ತಿದ್ದವು. ಮಾರನೆ ವಾರ ಯಾರದೋ ಬೆನ್ನಿನ ಮೇಲೆ ಹೊಸ ಪಂಪು ಕಂಡಾಗ ‘ಓ, ಗೌರ್ಮೆಂಟಿಂದು ಬಂದೈತೆ’ ಎಂದು ನಮಗೆ ತಿಳಿಯುತ್ತಿತ್ತು. ತಿಳಿದು ಮಾಡುವುದೇನು? ಕೇಳಲು ಹೋದರೆ ನಾಳೆ ಅದೇ ಜಗಲಿಯವರ ಬಾವಿಯಿಂದ ನೀರು ಬೇಕು, ಅವರ ಎತ್ತು ಬೇಕು, ಮಗಳ ಮದುವೆಗೆ ಅವರ ಹತ್ತಿರವೇ ಸಾಲ ಬೇಕು. ಕಂದಾಯ ಕಟ್ಟಿ ಎಂದು ತೋಟಿಯಿಂದ ತಮಟೆ ಹೊಡೆಸುತ್ತಿದ್ದ ಸರ್ಕಾರ, ಬೀಜ ಬಂದಿದೆ ತಗೊಂಡು ಹೋಗಿ ಎಂದು ಒಂದು ದಿನವೂ ಹೊಡೆಸಲಿಲ್ಲ.

ಶ್ಯಾನುಭೋಗಿಕೆ 1961ರ ಕಾಯ್ದೆಯಿಂದ ರದ್ದಾಗಿ ಸಂಬಳದ ವಿಲೇಜ್ ಅಕೌಂಟೆಂಟರು ಬಂದಿದ್ದರು. ಊರವರು ಅವರನ್ನೂ ಶ್ಯಾನುಭೋಗರೇ ಎಂದು ಕರೆದರು. ಪುಸ್ತಕ ಅವರ ಬಗಲಿನಲ್ಲಿ ಇರುತ್ತಿತ್ತು, ಪೆನ್ಸಿಲಿನಲ್ಲಿ ಬರೆದದ್ದನ್ನು ಅವರೇ ಅಳಿಸುತ್ತಿದ್ದರು. 12ನೇ ಕಾಲಮ್ಮಿನಲ್ಲಿ ಯಾವ ಬೆಳೆ ಬರೆದರು, ಯಾರು ಉಳುತ್ತಿದ್ದಾರೆಂದು ಬರೆದರು ಎಂಬುದು ನಮ್ಮಪ್ಪನಿಗೆ ಜೀವಮಾನದಲ್ಲಿ ಗೊತ್ತಾದದ್ದು ಕಷ್ಟ ಬಂದಾಗ ಮಾತ್ರ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ. ಯಾವ ಬ್ಯಾಂಕು, ಯಾವ ಶಾಖೆ ಎಂಬುದು ಇಲ್ಲಿ ಬೇಡ. ಆಗ ಎಲ್ಲ ಶಾಖೆಗಳ ಕತೆಯೂ ಒಂದೇ. ಅದು ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ, ಅಂದರೆ ಐಆರ್‌ಡಿಪಿ ಕಾಲ. ಹಸು, ಎಮ್ಮೆ, ಕುರಿ, ಎತ್ತಿನಗಾಡಿ ಕೊಳ್ಳಲು ಸಾಲ. ಅದರಲ್ಲಿ ಸಣ್ಣ ರೈತನಿಗೆ ಶೇ 25, ಅತಿ ಸಣ್ಣ ರೈತನಿಗೂ ಕೂಲಿಯವನಿಗೂ ಮೂರನೇ ಒಂದು ಪಾಲು, ಪರಿಶಿಷ್ಟರಿಗೆ ಅರ್ಧ ಸಬ್ಸಿಡಿ. ಸಂತೆಗೆ ಹೋಗಿ ಹಸು ಕೊಡಿಸಬೇಕು, ಪಶುವೈದ್ಯರು ನೋಡಬೇಕು, ವಿಮೆಗೆಂದು ಕಿವಿಗೆ ಓಲೆ ಹಾಕಬೇಕು, ಹಸುವಿನ ಪಕ್ಕ ಫಲಾನುಭವಿ ನಿಂತು ಫೋಟೊ. ಕಡತ ನೋಡಿದರೆ ಎಲ್ಲವೂ ಲಕ್ಷಣವಾಗಿ ಇರುತ್ತಿತ್ತು. ಫೋಟೊಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದವನಿಗೆ ಮಾತ್ರ ಹಣೆಯಲ್ಲಿ ಬಿಳಿ ಮಚ್ಚೆಯಿರುವ ಒಂದೇ ಹಸು ಬೇರೆ ಬೇರೆಯವರ ಪಕ್ಕ ನಿಂತಿರುವುದು ಕಾಣುತ್ತಿತ್ತು. ಸಂತೆಯ ದಲ್ಲಾಳಿಯ ಹಸು ಅದು. ಬೆಳಿಗ್ಗೆ ‘ಮಾರಾಟ’ವಾಗಿ ಸಂಜೆಗೆ ಅವನ ಕೊಟ್ಟಿಗೆಗೇ ವಾಪಸಾಗುತ್ತಿತ್ತು. ಸಬ್ಸಿಡಿ ಮೂರು ನಾಲ್ಕು ಪಾಲಾಗುತ್ತಿತ್ತು, ಸಾಲ ಮಾತ್ರ ಬಡವನ ಹೆಸರಿನಲ್ಲಿ ನಿಲ್ಲುತ್ತಿತ್ತು. ನಮ್ಮೂರಲ್ಲಿ ಇದಕ್ಕೆ ‘ಲೋನ್ ಹಸ’ ಅನ್ನುತ್ತಿದ್ದರು. ಲೋನ್ ಹಸ ಹಾಲು ಕೊಡಲ್ಲ ಕಣೋ, ಬರೀ ಸಬ್ಸಿಡಿ ಕೊಡ್ತದೆ ಎಂದು ಹುಡುಗರೂ ಆಡಿಕೊಳ್ಳುತ್ತಿದ್ದರು. ಹುಡುಗರಿಗೆ ಗೊತ್ತಿದ್ದ ವಿಷಯ ಯಾವ ತಪಾಸಣಾ ವರದಿಯಲ್ಲೂ ಇರಲಿಲ್ಲ.

ಅದೇ ದಶಕದಲ್ಲಿ, ಆಗ ಕೇಂದ್ರದ ಹಣಕಾಸು ರಾಜ್ಯ ಸಚಿವರಾಗಿದ್ದ ಜನಾರ್ದನ ಪೂಜಾರಿಯವರ ಸಾಲ ಮೇಳಗಳೂ ನಡೆದವು. ಮೈದಾನದಲ್ಲಿ ಶಾಮಿಯಾನ, ಮೈಕಿನಲ್ಲಿ ಹೆಸರು ಕೂಗುವುದು, ವೇದಿಕೆಗೆ ಹತ್ತಿ ಚೆಕ್ ಪಡೆಯುವುದು. ಬ್ಯಾಂಕಿನವರೆಲ್ಲ ಬೈದರು, ನಾನೂ ಬೈದೆ. ಈಗ ಯೋಚಿಸಿದರೆ ಅದರಲ್ಲಿ ಒಂದು ಅಂಶವಿತ್ತು ಅನ್ನಿಸುತ್ತದೆ: ಹೆಸರು ನಾಲ್ಕು ಜನರ ಕಿವಿಗೆ ಬೀಳುತ್ತಿತ್ತು. ಮೇಳದ ಉದ್ದೇಶ ಅದಾಗಿರಲಿಲ್ಲ, ಓಟಾಗಿತ್ತು, ಅದು ಬೇರೆ ಮಾತು. 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದಾಗ ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರು ಆ ಕೂಗುವ ಕೆಲಸಕ್ಕೆ ಕಾನೂನಿನ ಜಾಗ ಕೊಟ್ಟರು. ಐಆರ್‌ಡಿಪಿಗೆ ಯಾರು ಬಡವರು ಎಂದು ಗ್ರಾಮಸಭೆಯಲ್ಲಿ ಓದಬೇಕಾಯಿತು. ಸಭೆಗಳು ಬಹಳ ಕಡೆ ಕಾಗದದ ಮೇಲೇ ನಡೆದವು. ನಡೆದ ಕಡೆ ಗಲಾಟೆಯೂ ಆಯಿತು. ಗಲಾಟೆ ಆದ ಊರಿನ ಪಟ್ಟಿ ಉಳಿದ ಊರುಗಳದ್ದಕ್ಕಿಂತ ಸ್ವಲ್ಪ ಸರಿಯಾಗಿ ಇರುತ್ತಿದ್ದದ್ದನ್ನು ನಾನು ಕೌಂಟರಿನಲ್ಲಿ ಕೂತು ನೋಡಿದ್ದೇನೆ.

ಇಷ್ಟೆಲ್ಲದರ ನಡುವೆ ಊರಿನಲ್ಲಿ ಲೆಕ್ಕ ಸರಿಯಾಗಿದ್ದ ಒಂದೇ ಜಾಗವೆಂದರೆ ಡೇರಿ. ಅದಕ್ಕೆ ಯಾವ ಆದರ್ಶವೂ ಕಾರಣವಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು ಅಳೆಯುವಾಗ ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿರುತ್ತಾರೆ. ಫ್ಯಾಟು ಎಷ್ಟು ಬಂತೆಂದು ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳುತ್ತಾರೆ. ಬಟವಾಡೆ ಎಲ್ಲರೆದುರು ಆಗುತ್ತದೆ. ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿದಾಗ, ಅದು 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆದಾಗ, ಯಾರಿಗೆ ಎಷ್ಟು ಬರಬೇಕು ಎಂದು ಪ್ರತಿ ಮನೆಯ ಹೆಂಗಸೂ ಬೆರಳಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಹಸು ಇಲ್ಲದವನ ಹೆಸರು ಡೇರಿ ಪುಸ್ತಕಕ್ಕೆ ಬಂದರೆ ಮೊದಲು ಅವರೇ ನಗುತ್ತಿದ್ದರು, ಆಮೇಲೆ ಸೆಕ್ರೆಟರಿಗೆ ಬೈಗುಳ. ನಮ್ಮಮ್ಮ ಓದಿದವಳಲ್ಲ, ಆದರೆ ಪಾಸ್‌ಬುಕ್ಕಿನಲ್ಲಿ ಅಂಕಿ ಬಿಟ್ಟುಹೋಗಿದ್ದರೆ ಮಧ್ಯಾಹ್ನದೊಳಗೆ ಅವಳಿಗೆ ಗೊತ್ತಾಗುತ್ತಿತ್ತು.

ಕಾಗದಪತ್ರದ ಕಡೆಯಿಂದ ಬದಲಾವಣೆ ಬಂದದ್ದು 2000ದ ಆಸುಪಾಸಿನಲ್ಲಿ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿಗೆ ಬೆಲೆ ಹೋಯಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ. ಆ ಕಿಂಡಿಯಲ್ಲಿ ಇನ್ನೊಂದು ವಿಶೇಷವಿತ್ತು: ಆಪರೇಟರನ ಮುಂದಿರುವ ಪರದೆಯಲ್ಲದೆ ಎರಡನೇ ಪರದೆಯೊಂದು ನಮ್ಮ ಕಡೆಗೆ ತಿರುಗಿರುತ್ತಿತ್ತು. ಒಳಗೆ ಅವನೇನು ಟೈಪು ಮಾಡುತ್ತಾನೋ ಹೊರಗೆ ನಿಂತವನಿಗೆ ಕಾಣಬೇಕು ಎಂದು. ನಮ್ಮಪ್ಪ ಅದನ್ನು ನೋಡಿ, ‘ಶ್ಯಾನುಭೋಗರ ಪುಸ್ತಕ ಈಗ ಗೋಡೆಗೆ ನೇತು ಹಾಕವ್ರೆ’ ಎಂದರು. ತಮ್ಮ ಹೆಸರನ್ನು ತಾವೇ ಓದಿಕೊಂಡರು. ಎರಡು ಗುಂಟೆ ಕಡಿಮೆ ಇತ್ತು. ಅದು ಸರಿಯಾಗಲು ಹಿಡಿದ ಕಾಲದ ವಿಚಾರ ಇಲ್ಲಿ ಬೇಡ.

ಅದೇ ಹೊತ್ತಿಗೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂತು. ಬಿತ್ತನೆ ಬೀಜ, ಔಷಧಿ, ಆಮೇಲೆ ಟಾರ್ಪಾಲು, ಸ್ಪ್ರಿಂಕ್ಲರ್ ಪೈಪು ಎಲ್ಲ ಅಲ್ಲಿಂದ. ಜಗಲಿಯ ಕಾಫಿಗೆ ಬದಲು ಸಾಲು. ಆ ಸಾಲಿನಲ್ಲಿ ಬೆಳಿಗ್ಗೆಯಿಂದ ನಿಂತು ಜಿಪಿಯು–28 ರಾಗಿಯ ಚೀಲ ತಂದದ್ದನ್ನು ನಮ್ಮ ಚಿಕ್ಕಪ್ಪ ದೊಡ್ಡ ಗೆಲುವಿನ ಹಾಗೆ ಹೇಳಿಕೊಳ್ಳುತ್ತಿದ್ದರು. ಗೆಲುವೇ ಅದು. ಯಾರ ಮನೆಯ ಜಗಲಿಯನ್ನೂ ಹತ್ತದೆ ತಂದದ್ದು.

ಮೂರನೆಯದು ಮಾಹಿತಿ ಹಕ್ಕು. ಕರ್ನಾಟಕ 2000ರಲ್ಲೇ ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು. ದೇಶದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂತು. ಅದರ 4ನೇ ಸೆಕ್ಷನ್ನಿನಲ್ಲಿ ಒಂದು ಸಾಲು ಇದೆ, ಹೆಚ್ಚು ಜನ ಓದಿರುವುದಿಲ್ಲ: ಸಹಾಯಧನದ ಕಾರ್ಯಕ್ರಮಗಳನ್ನು ಹೇಗೆ ನಡೆಸುತ್ತೀರಿ, ಎಷ್ಟು ಹಣ ಇಟ್ಟಿದ್ದೀರಿ, ಫಲಾನುಭವಿಗಳು ಯಾರು ಎಂಬ ವಿವರವನ್ನು ಪ್ರತಿ ಕಚೇರಿಯೂ ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕು. ನಾನು ಒಂದು ಸಲ ಅರ್ಜಿ ಹಾಕಿಯೇ ಕೇಳಿದೆ. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ನಮ್ಮ ರಾಜ್ಯದ ನಿಯಮ ಹಾಗಿದೆ. ಒಂದು ಕಚೇರಿ ಕೊಟ್ಟ ಪಟ್ಟಿಯಲ್ಲಿ ತುಂಬಾ ಹೆಸರುಗಳ ಮುಂದೆ ಒಂದೇ ಮೊಬೈಲ್ ನಂಬರು ಇತ್ತು. ಪೈಪು ಸರಬರಾಜು ಮಾಡಿದ ಅಂಗಡಿಯದು ಎಂದು ಆಮೇಲೆ ತಿಳಿಯಿತು. ಅಕ್ರಮ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಅರ್ಜಿ ತುಂಬಿದವರೂ ಅಂಗಡಿಯವರೇ, ತಮ್ಮ ನಂಬರು ಹಾಕಿದ್ದಾರೆ. ರೈತನಿಗೆ ಬರಬೇಕಾದ ಎಸ್ಸೆಮ್ಮೆಸ್ಸು ಅಂಗಡಿಗೆ ಬರುತ್ತಿತ್ತು, ಅಷ್ಟೆ.

ಹೀಗೆ ನೋಡುವ ಕಣ್ಣು, ಕೇಳುವ ಹಕ್ಕು, ಓದುವ ಸಭೆ ಮೂರೂ ಒಟ್ಟಿಗೆ ಬರುವಂತಿದ್ದ ಹೊತ್ತಿನಲ್ಲಿ ನಮ್ಮೂರು ಹಳ್ಳಿಯಾಗಿ ಉಳಿಯಲಿಲ್ಲ. ಯಲಹಂಕದ ಸುತ್ತಲ ಊರುಗಳು ಒಂದೊಂದಾಗಿ ಪಂಚಾಯಿತಿಯಿಂದ ಹೊರಬಿದ್ದವು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಸೇರಿದಂತೆ 7 ನಗರಸಭೆ, 1 ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದಾದ ಮೇಲೆ ಎಕರೆ ಲೆಕ್ಕದಲ್ಲಿ ಮಾತಾಡುತ್ತಿದ್ದವರು ಚದರಡಿ ಲೆಕ್ಕಕ್ಕೆ ಬಂದರು. ದ್ರಾಕ್ಷಿಯ ಕಲ್ಲುಕಂಬಗಳು ಸೈಟಿನ ಬೇಲಿಗೆ ಹೋದವು. ಊರು ನಗರವಾದರೆ ಗ್ರಾಮಸಭೆ ಇರುವುದಿಲ್ಲ ಎಂಬುದನ್ನು ಯಾರೂ ನಷ್ಟವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಭೂಮಿಯ ಬೆಲೆ ಏರುತ್ತಿರುವಾಗ ಟಾರ್ಪಾಲಿನ ಪಟ್ಟಿ ಯಾರಿಗೆ ಬೇಕಿತ್ತು?

ಆದರೆ ರೈತರಿಗೆ ಬರುವ ದುಡ್ಡು ನಿಲ್ಲಲಿಲ್ಲ, ಹೆಚ್ಚಾಯಿತು. 2008ರ ಕೇಂದ್ರದ ಸಾಲ ಮನ್ನಾ 50 ಸಾವಿರ ಕೋಟಿ ದಾಟಿತು. 2013ರಲ್ಲಿ ಸಿಎಜಿ ಪರಿಶೀಲಿಸಿದ ಖಾತೆಗಳಲ್ಲಿ ಶೇ 22ಕ್ಕೂ ಹೆಚ್ಚು ಕಡೆ ಲೋಪ ಸಿಕ್ಕಿತು. ಅರ್ಹನಿಗೆ ಸಿಗದಿರುವುದು, ಅನರ್ಹನಿಗೆ ಸಿಕ್ಕಿರುವುದು, ಕಡತ ತಿದ್ದಿರುವುದು ಎಲ್ಲ. ಬ್ಯಾಂಕಿನವನಾಗಿ ನನಗೆ ಆಶ್ಚರ್ಯವಾಗಲಿಲ್ಲ. 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಸಹಕಾರಿ ಸಂಘಗಳ 1 ಲಕ್ಷದವರೆಗಿನ, ವಾಣಿಜ್ಯ ಬ್ಯಾಂಕುಗಳ 2 ಲಕ್ಷದವರೆಗಿನ ಬೆಳೆ ಸಾಲ ಮನ್ನಾ ಮಾಡಿದಾಗ ಮಾತ್ರ ಒಂದು ಹೊಸ ಶಿಸ್ತು ಕಂಡಿತು. ಆಧಾರ್, ರೇಷನ್ ಕಾರ್ಡು, ಪಹಣಿ ಮೂರನ್ನೂ ಕಂಪ್ಯೂಟರು ಒಂದಕ್ಕೊಂದು ತಾಳೆ ನೋಡಿತು, ಪಟ್ಟಿಗಳನ್ನು ಜನ ನೋಡುವಂತೆ ಜಾಲತಾಣಕ್ಕೆ ಹಾಕಿದರು. ಒಂದೇ ಮನೆಯಲ್ಲಿ ಎರಡು ಕಡೆ ಸಾಲ ಮಾಡಿದವರು ಸಿಕ್ಕಿಬಿದ್ದರು. ರೇಷನ್ ಕಾರ್ಡು ಬೇರೆ ಮಾಡಿಸಿಕೊಳ್ಳದೆ ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆಗಳೂ ಅದೇ ಬಲೆಯಲ್ಲಿ ಸಿಕ್ಕವು.

2019ರ ಫೆಬ್ರವರಿ 24ರಂದು ಪಿಎಂ ಕಿಸಾನ್ ಬಂತು. ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಯಡಿಯೂರಪ್ಪನವರು ಅದಕ್ಕೆ ರಾಜ್ಯದಿಂದ 4,000 ಸೇರಿಸಿದರು, 2023ರಲ್ಲಿ ಬಂದ ಸರ್ಕಾರ ಅದನ್ನು ನಿಲ್ಲಿಸಿತು. ಪಿಎಂ ಕಿಸಾನ್ ಮೊದಲು 2 ಹೆಕ್ಟೇರಿನೊಳಗಿನವರಿಗೆ ಎಂದಿದ್ದದ್ದು 2019ರಲ್ಲೇ ಎಲ್ಲ ಹಿಡುವಳಿದಾರರಿಗೂ ಆಯಿತು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ತಿಂಗಳಿಗೆ 10,000ಕ್ಕೆ ಮೇಲೆ ಪಿಂಚಣಿ ಪಡೆಯುವವರು ಹೊರಗೆ. ನಾನು ಹೊರಗೆ, ಚಿಕ್ಕಪ್ಪ ಒಳಗೆ. ದೊಡ್ಡಪ್ಪನ ಮಕ್ಕಳು ಹೊರಗೂ ಅಲ್ಲ ಒಳಗೂ ಅಲ್ಲ. ಅವರ ಪಾಲಿನ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ಪೌತಿ ಖಾತೆ ಆಗಬೇಕೆಂದರೆ ನಾಲ್ಕು ಮನೆಯವರು ಒಂದು ದಿನ ಒಂದೇ ಕಚೇರಿಗೆ ಬರಬೇಕು. ಜಮೀನಿಗೆ ಬೆಲೆ ಬಂದ ಮೇಲೆ ಆ ನಾಲ್ಕು ಮನೆಯವರು ಒಂದೇ ಮದುವೆಗೂ ಬರುವುದಿಲ್ಲ.

2021ರ ಆರಂಭದಲ್ಲಿ ವೆಂಕಟೇಶ್ ನಾಯಕ್ ಎಂಬ ಮಾಹಿತಿ ಹಕ್ಕಿನ ಕಾರ್ಯಕರ್ತರು ಕೃಷಿ ಸಚಿವಾಲಯದಿಂದಲೇ ಒಂದು ಉತ್ತರ ಹೊರತಂದರು. ಪಿಎಂ ಕಿಸಾನ್‌ನಲ್ಲಿ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿದೆ, ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆದಾಯ ತೆರಿಗೆ ಕಟ್ಟುವವರು. ಇದು ಸರ್ಕಾರವೇ ಒಪ್ಪಿಕೊಂಡ ಲೆಕ್ಕ. ಅದನ್ನು ಓದಿದ ಮೇಲೆ ನಮ್ಮ ಕಡೆಯ ಪಟ್ಟಿ ಹೇಗಿದೆ ನೋಡೋಣವೆಂದು ಪಿಎಂ ಕಿಸಾನ್ ಜಾಲತಾಣದಲ್ಲಿ ಹುಡುಕಿದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಹಳ್ಳಿ ಆರಿಸಿದರೆ ಪಟ್ಟಿ ಬಂತು. ಕ್ರಮಸಂಖ್ಯೆ, ಇಂಗ್ಲಿಷಿನಲ್ಲಿ ಹೆಸರು, ಗಂಡೋ ಹೆಣ್ಣೋ. ಅಷ್ಟೆ. ತಂದೆಯ ಹೆಸರಿಲ್ಲ, ಸರ್ವೆ ನಂಬರಿಲ್ಲ. ಮುನಿಯಪ್ಪ, ಮುನಿಯಪ್ಪ, ಮುನಿರಾಜು, ನಾರಾಯಣಪ್ಪ, ಮತ್ತೆ ಮುನಿಯಪ್ಪ. ನಮ್ಮ ಸೀಮೆಯಲ್ಲಿ ಮುನಿಯಪ್ಪ ಎಂದರೆ ಏನೂ ಹೇಳಿದ ಹಾಗಲ್ಲ. ಬಾವಿಮನೆ ಮುನಿಯಪ್ಪನೋ, ತೋಟದ ಮುನಿಯಪ್ಪನೋ, ಮಿಲ್ಟ್ರಿ ಮುನಿಯಪ್ಪನೋ ಎಂದು ಹೇಳದಿದ್ದರೆ ಪೋಸ್ಟ್‌ಮ್ಯಾನ್ ಕಾಗದ ವಾಪಸು ಕಳಿಸುತ್ತಿದ್ದ.

ಪಟ್ಟಿಯನ್ನು ಪ್ರಿಂಟು ತೆಗೆಸಿ, ದೇವಸ್ಥಾನದ ಹತ್ತಿರ ಸಂಜೆ ಕೂರುವ ಹಿರಿಯರ ಮುಂದೆ ಇಟ್ಟೆ. ನಾನು ಓದುತ್ತಾ ಹೋದೆ.

‘ಇವ್ನು ಹೋಗ್ಬುಟ್ಟ, ಎರಡು ವರ್ಸ ಆಯ್ತು.’

‘ಅವನು ಹೋದ್ರೂ ಕಂತು ಬರ್ತಿತ್ತೇನೋ, ಸೊಸೆ ಬ್ಯಾಂಕ್‌ಗೆ ಹೋಗ್ತಿದ್ಲು.’

‘ಇಲ್ಲ ಕಣಪ್ಪ, ಇ–ಕೆವೈಸಿ ಅಂತ ಮಾಡಿದ್ಮೇಲೆ ನಿಂತೋಯ್ತು. ಹೆಬ್ಬೆಟ್ಟು ಕೊಡೋಕೆ ಅವನೇ ಬರಬೇಕಲ್ಲ.’

‘ಈ ನಾರಾಯಣಪ್ಪ ಯಾರು? ನಮ್ಮೂರಲ್ಲಿ ಇರೋ ನಾರಾಯಣಪ್ಪನಿಗೆ ಒಂದು ಗುಂಟೆನೂ ಇಲ್ವಲ್ಲ?’

ಅದಕ್ಕೆ ಉತ್ತರ ಯಾರಿಗೂ ಗೊತ್ತಿರಲಿಲ್ಲ. ಬೇರೆ ಕಡೆಯಿಂದ ಬಂದು ಜಮೀನು ತಗೊಂಡವನಿರಬಹುದು, ಹೆಸರು ತಪ್ಪಿರಬಹುದು. ಕತ್ತಲಾಗುವ ಹೊತ್ತಿಗೆ ಕಂಪ್ಯೂಟರು ಹೇಳದ ಎಷ್ಟೋ ವಿಷಯ ಆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸೇರಿತ್ತು: ಮಾರಿಕೊಂಡವನು, ಸತ್ತವನು, ಬಾಡಿಗೆ ಮನೆಗಳಿಂದ ತಿಂಗಳಿಗೆ ಲಕ್ಷ ಎಣಿಸುವವನು, ನಿಜಕ್ಕೂ ಈಗಲೂ ಸೊಪ್ಪು ಬೆಳೆಯುವವನು. ಕೂತಿದ್ದವರಲ್ಲಿ ಅತಿ ಕಿರಿಯವರಿಗೆ ಎಪ್ಪತ್ತು ದಾಟಿದೆ. ಆಚೆ ಬಡಾವಣೆಗಳಲ್ಲಿ ಸಾವಿರಾರು ಮನೆಗಳಿವೆ, ಅಲ್ಲಿಯವರಿಗೆ ಈ ಪಟ್ಟಿಯ ಒಂದು ಹೆಸರೂ ಪರಿಚಯವಿಲ್ಲ. ನಮ್ಮಪ್ಪನ ಕಾಲದಲ್ಲಿ ಗೊತ್ತಿದ್ದವರ ಕೈಗೆ ಪಟ್ಟಿ ಸಿಗುತ್ತಿರಲಿಲ್ಲ. ಈಗ ಪಟ್ಟಿ ಎಲ್ಲರ ಕೈಯಲ್ಲೂ ಇದೆ.

ಆ ಸಂಜೆಯ ಲೆಕ್ಕದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಕೋಗಿಲಿನ ಆಸುಪಾಸಿನ ಖಾಲಿ ಜಾಗಗಳಲ್ಲಿ, ಇನ್ನೂ ಸೈಟಾಗದ ಹೊಲಗಳಲ್ಲಿ ಕೊತ್ತಂಬರಿ, ದಂಟು, ಮೆಂತ್ಯ ಬೆಳೆಯುತ್ತಿರುವವರಲ್ಲಿ ಹೆಚ್ಚಿನವರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅವರು ಬೇರೆ ಜಿಲ್ಲೆಗಳಿಂದ ಬಂದು ಬಾಯಿಮಾತಿನ ಗುತ್ತಿಗೆಗೆ ನೆಲ ಹಿಡಿದವರು. 1974ರಿಂದ ನಮ್ಮಲ್ಲಿ ಗೇಣಿ ಕಾನೂನುಬಾಹಿರ. ಉಳುವವನೇ ಒಡೆಯನಾಗಲಿ ಎಂದು ಮಾಡಿದ್ದು. ಆದ್ದರಿಂದ ಇವತ್ತಿನ ಗುತ್ತಿಗೆಯನ್ನು ಯಾರೂ ಕಾಗದಕ್ಕೆ ಇಳಿಸುವುದಿಲ್ಲ. ಕಾಗದವಿಲ್ಲದವನಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಸಿಗುವುದಿಲ್ಲ. ಎಫ್‌ಐಡಿ ಇಲ್ಲದಿದ್ದರೆ ಕಂತಿಲ್ಲ, ಬೀಜದ ರಿಯಾಯಿತಿಯಿಲ್ಲ, ಪರಿಹಾರವೂ ಇಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ 3,454 ಕೋಟಿ ಬಂತು. ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಎರಡು ಹೆಕ್ಟೇರಿನವರೆಗೆ. ಅದೂ ಪಹಣಿ ಇದ್ದವನ ಖಾತೆಗೇ ಹೋಯಿತು. ಪಟ್ಟಿ ಊರುವಾರು ಪ್ರಕಟವಾಯಿತು, ಅದರಲ್ಲಿ ತಪ್ಪೇನೂ ಇಲ್ಲದಿರಬಹುದು. ಬೆಳೆ ಒಣಗಿದವನ ಹೆಸರಿಗೆ ಮಾತ್ರ ಅದರಲ್ಲಿ ಕಾಲಮ್ಮೇ ಇರಲಿಲ್ಲ.

ಇವೆಲ್ಲ ಹೆಸರಿಗೆ ಬರುವ ದುಡ್ಡು. ಹೆಸರೇ ಇಲ್ಲದೆ ಹರಿಯುವ ಸಬ್ಸಿಡಿ ಇದಕ್ಕಿಂತ ದೊಡ್ಡದು. 45 ಕಿಲೊ ಯೂರಿಯಾ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ಉಳಿದದ್ದನ್ನು ಸರ್ಕಾರ ಕಂಪನಿಗೆ ಕಟ್ಟುತ್ತದೆ. 2018ರಿಂದ ಹೆಬ್ಬೆಟ್ಟಿನ ಯಂತ್ರವಿದೆ, ಚೀಲ ಯಾರು ಒಯ್ದರೆಂದು ಅದಕ್ಕೆ ಗೊತ್ತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಉಚಿತ ಕರೆಂಟಿಗೆ ಅದೂ ಇಲ್ಲ. ದುಡ್ಡು ಸರ್ಕಾರದಿಂದ ವಿದ್ಯುತ್ ಕಂಪನಿಗೆ ಹೋಗುತ್ತದೆ, ರೈತನ ಹೆಸರಿನ ಮುಂದೆ ಇಷ್ಟು ಎಂದು ಎಲ್ಲೂ ಬರೆದಿರುವುದಿಲ್ಲ. ಬೆಂಗಳೂರಿನ ಅಂಚಿನಲ್ಲಿ ತೋಟದ ಬೋರಿನ ನೀರು ಟ್ಯಾಂಕರಿಗೆ ತುಂಬುವುದನ್ನು ನೋಡದವರು ಯಾರಿದ್ದಾರೆ? ಆರು ಸಾವಿರದವನ ಹೆಸರು ಜಗತ್ತಿಗೆಲ್ಲ ಕಾಣುತ್ತದೆ, ಈ ಮೋಟರಿನ ಲೆಕ್ಕ ಕಾಣುವುದಿಲ್ಲ.

ಹೆಸರು ಪ್ರಕಟಿಸುವುದೇ ಸರಿಯಲ್ಲ ಎನ್ನುವವರೂ ಇದ್ದಾರೆ. ಯೂರೋಪಿನಲ್ಲಿ ಈ ವಾದ ಕೋರ್ಟಿನವರೆಗೂ ಹೋಯಿತು. ಅಲ್ಲಿನ ಕೃಷಿ ಸಬ್ಸಿಡಿ ಯಾರಿಗೆ ಹೋಗುತ್ತದೆಂದು 2004ರಲ್ಲಿ ಡೆನ್ಮಾರ್ಕಿನ ಪಟ್ಟಿ ಹೊರಬಂತು. ಮಾರನೆ ವರ್ಷ ಬ್ರಿಟನ್ನಿನದು ಬಂದಾಗ ಅದರಲ್ಲಿ ದೊಡ್ಡ ದೊಡ್ಡ ಆಹಾರ ಕಂಪನಿಗಳ ಜೊತೆಗೆ ರಾಣಿಯವರ ಎಸ್ಟೇಟೂ ಇತ್ತು. ಆಮೇಲೆ ಎಲ್ಲ ದೇಶಗಳೂ ಪ್ರಕಟಿಸಬೇಕೆಂದು ನಿಯಮವಾಯಿತು. ಜರ್ಮನಿಯ ಹೆಸ್ಸೆ ರಾಜ್ಯದ ಇಬ್ಬರು ದಾವೆ ಹೂಡಿದರು. 2010ರ ನವೆಂಬರ್ 9ರಂದು ಯೂರೋಪಿಯನ್ ನ್ಯಾಯಾಲಯ, ಎಷ್ಟು ದುಡ್ಡು, ಎಷ್ಟು ಕಾಲ ಎಂದು ನೋಡದೆ ವ್ಯಕ್ತಿಗಳ ಹೆಸರನ್ನು ಸಾರಾಸಗಟಾಗಿ ಹಾಕುವುದು ಸಲ್ಲದು ಎಂದಿತು. ಯೂರೋಪಿನವರು ಪಟ್ಟಿಯನ್ನು ಮುಚ್ಚಿಬಿಡಲಿಲ್ಲ. 2013ರಲ್ಲಿ ಹೊಸ ನಿಯಮ ತಂದು, ಸಣ್ಣ ಮೊತ್ತ ಪಡೆಯುವವರ ಹೆಸರು ಮರೆಮಾಡಿ, ಉಳಿದವರದನ್ನು ಮತ್ತೆ ಹಾಕಿದರು. ಮಿತಿ 1,250 ಯೂರೊ.

ನಮ್ಮಲ್ಲಿ ತಿದ್ದುಪಡಿ ಬಂದ ರೀತಿ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಅನ್ನು ತಿದ್ದಿತು, ಆ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಯಾಯಿತು. ಮೊದಲು ಸಾರ್ವಜನಿಕ ವ್ಯವಹಾರಕ್ಕೆ ಸಂಬಂಧವಿಲ್ಲದ ಖಾಸಗಿ ವಿವರವನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣ ಸಾಕು. ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಕೊಡಬಹುದು ಎಂಬ 8(2) ಉಳಿದಿದೆ, ಸಹಾಯಧನದ ಪಟ್ಟಿ ತಾನಾಗಿಯೇ ಪ್ರಕಟಿಸಬೇಕು ಎಂಬ 4ನೇ ಸೆಕ್ಷನ್ನೂ ಉಳಿದಿದೆ. ಆದರೆ ಕೌಂಟರಿನ ಆಚೆ ಕೂತವನಿಗೆ ಇಲ್ಲ ಎನ್ನಲು ಒಂದು ಸಾಲು ಸಿಕ್ಕಿದರೆ ಉಳಿದ ಸಾಲುಗಳನ್ನು ಅವನು ಓದುವುದಿಲ್ಲ. ಆ ಕುರ್ಚಿಯಲ್ಲಿ ಕೂತು ಬಂದವನ ಮಾತು ಇದು. ನನ್ನ ಮಟ್ಟಿಗೆ ಆಧಾರ್ ನಂಬರು, ಖಾತೆ ನಂಬರು, ಫೋನು ಯಾವ ಪಟ್ಟಿಯಲ್ಲೂ ಕಾಣಬಾರದು. ‘ಪಿಎಂ ಕಿಸಾನ್’ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಫೈಲು ಕಳಿಸಿ ಖಾತೆ ಗುಡಿಸುವ ಕಳ್ಳರು ಈಗ ಇದ್ದಾರೆ. ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಬಂದ ಮೊತ್ತ ಮಾತ್ರ ಕಾಣಬೇಕು. ಸರ್ವೆ ನಂಬರು ಕೊಟ್ಟರೆ ಯಾರ ಪಹಣಿಯನ್ನು ಬೇಕಾದರೂ ಯಾರು ಬೇಕಾದರೂ ನೋಡಬಹುದಾದ ರಾಜ್ಯದಲ್ಲಿ, ಆ ಪಹಣಿಯ ಮೇಲೆ ಬಂದ ದುಡ್ಡು ಮಾತ್ರ ಗುಟ್ಟು ಎನ್ನುವುದು ನನಗೆ ಅರ್ಥವಾಗುವುದಿಲ್ಲ.

ರಾಜ್ಯದ ‘ಮಾಹಿತಿ ಕಣಜ’ದಲ್ಲಿ ಹಳ್ಳಿವಾರು ವಿವರ ಕೊಡುವ ವ್ಯವಸ್ಥೆ ಇದೆ, ಒಳ್ಳೆಯ ಕೆಲಸ. ಅದನ್ನು ನಂಬಿಕೊಂಡು, ಆಮೇಲೆ ನಡೆದ ಒಂದು ಸಾರ್ವಜನಿಕ ಸಭೆಯಲ್ಲಿ ನಾನು ಎದ್ದು ಕೇಳಿದೆ: ಈ ಭಾಗದಲ್ಲಿ ಇನ್ನೂ ಬೇಸಾಯವಿದೆ, ಸರ್ಕಾರದ ದುಡ್ಡು ಬರುತ್ತಿದೆ, ವರ್ಷಕ್ಕೊಂದು ಸಲ ಆ ಪಟ್ಟಿಯನ್ನು ಇಲ್ಲಿ ಗಟ್ಟಿಯಾಗಿ ಓದಿ. ಮೇಜಿನ ಹಿಂದೆ ಇದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

‘ಇದು ಸಿಟಿ ಅಲ್ವಾ ಸಾರ್, ಅಗ್ರಿಕಲ್ಚರ್ ನಮಗೆ ಬರಲ್ಲ. ಅವರನ್ನೇ ಕೇಳಿ.’

ಕೃಷಿ ಇಲಾಖೆಯವರನ್ನೂ ಕೇಳಿದ್ದೆ. ಗ್ರಾಮಸಭೆ ಕರೆದರೆ ಬಂದು ಓದುತ್ತೇವೆ ಎಂದಿದ್ದರು. ಅದನ್ನೂ ಹೇಳಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ, ‘ಕುಂತ್ಕೋ, ಬುಡು’ ಎಂದು ಅಂಗಿ ಎಳೆದರು. ನಾನು ಕೂರಲಿಲ್ಲ, ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎಂದೆ. ಬರೆದುಕೊಂಡರು. ಮುಂದಿನ ವಿಷಯ ಬೀದಿ ದೀಪದ್ದಾಗಿತ್ತು, ಬಡಾವಣೆಯವರು ಏಳೆಂಟು ಜನ ಒಟ್ಟಿಗೆ ಎದ್ದು ನಿಂತರು.